ಬೇಸಿಗೆಯಲ್ಲಿ ಒಡೆಯುವ ಪೈಪು: ಇಡೀ ಮಾರ್ಗ ಬದಲಿಸುವ ಮುನ್ನ

ಯಾದಗಿರಿಯ ನಿಮ್ಮ ವಾರ್ಡಿನ ಒಂದೇ ಬೀದಿಯಲ್ಲಿ ಈ ಬೇಸಿಗೆ ನಾಲ್ಕು ಬಾರಿ ನೀರಿನ ಪೈಪು ಒಡೆದಿದೆ, ಇಡೀ ಮಾರ್ಗವನ್ನೇ ಬದಲಿಸಬೇಕೇ ಎಂದು ಕೇಳಿದ್ದೀರಿ. ಕಾರಣ ಪೈಪಿನ ವಯಸ್ಸಿಗಿಂತ ಹೆಚ್ಚಾಗಿ ಅದರ ಕೆಳಗಿನ ಎರೆಮಣ್ಣು ಇರಬೇಕು; ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುವ ಈ ಮಣ್ಣು ಪೈಪನ್ನು ಬಗ್ಗಿಸುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುತ್ತಿದ್ದರೆ, ಖಾಲಿ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯ ಹೊಡೆತವೂ ಕಾರಣವಾಗಿರಬಹುದು.

ಮುಂದಿನ ರಿಪೇರಿಯಲ್ಲಿ ಒಡೆದ ತುಂಡನ್ನು ಎಸೆಯಗೊಡಬೇಡಿ. ಬಳೆಯಂತೆ ಸುತ್ತಲೂ ಬಿರುಕಿದ್ದರೆ ಮಣ್ಣಿನ ಕೆಲಸ, ಉದ್ದಕ್ಕೆ ಸೀಳಿದ್ದರೆ ಒತ್ತಡದ್ದು ಎಂದು ಬಹುಮಟ್ಟಿಗೆ ನಂಬಬಹುದು. ಎರಡೂ ಬೆರೆತಿದ್ದರೆ ಒಂದೇ ತುಂಡಿನಿಂದ ತೀರ್ಮಾನಕ್ಕೆ ಬರಲಾಗದು. ಆದ್ದರಿಂದ ಪ್ರತಿ ಒಡಕಿನ ತಾರೀಖು, ಎದುರಿನ ಮನೆ ಸಂಖ್ಯೆ, ಪೈಪಿನ ಬಗೆ, ವ್ಯಾಸ, ಆಳ, ಬಿರುಕಿನ ರೀತಿಯನ್ನು ಒಂದು ರಿಜಿಸ್ಟರಿನಲ್ಲಿ ಬರೆಸಿ. ಪೈಪುಗಳ ಕಂಪ್ಯೂಟರ್ ನಕ್ಷೆ ಆಮೇಲೆ ಬರಲಿ. ಹಳೆಯ ವಾಲ್ವ್‌ಮನ್ ನಿವೃತ್ತರಾಗುವ ಮುನ್ನ ಅವರೊಂದಿಗೆ ಒಮ್ಮೆ ಬೀದಿ ಸುತ್ತಿ ವಾಲ್ವ್‌ಗಳನ್ನು ಗುರುತಿಸಿಕೊಳ್ಳುವುದು ಅದಕ್ಕಿಂತ ತುರ್ತಿನ ಕೆಲಸ.

ಒತ್ತಡದ ದೋಷವಾದರೆ ಎತ್ತರದ ಜಾಗದಲ್ಲಿ ಪೈಪಿನ ಗಾಳಿಯನ್ನು ಹೊರಬಿಡುವ ಏರ್‌ವಾಲ್ವ್ ಕೆಲಸ ಮಾಡುತ್ತಿದೆಯೇ ಎಂದು ಬಿಚ್ಚಿಸಿ ನೋಡಿ (ಕಲಬುರಗಿಯಲ್ಲಿ ನಾನು ಹುಡುಕಿದ ಒಂದು ಏರ್‌ವಾಲ್ವ್ ಡಾಂಬರಿನಡಿ ಹೂತುಹೋಗಿತ್ತು), ನೀರು ಬಿಡುವ, ನಿಲ್ಲಿಸುವ ಗೇಟ್‌ವಾಲ್ವನ್ನು ನಿಧಾನವಾಗಿ ತಿರುಗಿಸಲು ಹೇಳಿ. ಮಣ್ಣಿನದಾದರೆ ಒಡಕುಗಳು ಒತ್ತೊತ್ತಾಗಿರುವ ಭಾಗವನ್ನಷ್ಟೇ ಬದಲಿಸಿ, ಪೈಪಿನ ಕೆಳಗೂ ಸುತ್ತಲೂ 10–15 ಸೆಂ.ಮೀ. ಮರಳು, ಅದರ ಮೇಲೆ ಗರಸು ಹಾಕಿಸಿ. ಅಗೆದ ಎರೆಮಣ್ಣನ್ನೇ ಮರಳಿ ತುಂಬಿಸಬೇಡಿ.