ಲ್ಯಾಪ್‌ಟಾಪ್ ಗುಜರಿಗೆ ಹೋಗುವ ಮುನ್ನ

ಹತ್ತು ವರ್ಷ ದುಡಿದ ಲ್ಯಾಪ್‌ಟಾಪ್ ಈ ಮಳೆಗಾಲ ಕಳೆದ ಮೇಲೆ ಆನ್ ಆಗುತ್ತಿಲ್ಲ, ಹಾಗೆಯೇ ಗುಜರಿಗೆ ಕೊಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆಯೇ ಕೊಡಬೇಡಿ.

ನಾನಿರುವುದು ಸೋಮವಾರಪೇಟೆ ಕಡೆಯ ತೋಟದ ಮನೆಯಲ್ಲಿ. ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವ ಊರು. ನನ್ನ ಲ್ಯಾಪ್‌ಟಾಪಿನ ಹಿಂಬದಿ ಬಿಚ್ಚಿದಾಗ ಚಾರ್ಜರ್ ಸಿಕ್ಕಿಸುವ ಜಾಗದ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಫ್ಯಾನಿನ ರೆಕ್ಕೆಗಳಿಗೆ ಒದ್ದೆ ಧೂಳು ದೀಪದ ಬತ್ತಿಯಂತೆ ಸುತ್ತಿಕೊಂಡಿತ್ತು. ಒಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡ್ ಹೋಗಿತ್ತು, ಆದರೆ ಹಾಳಾದದ್ದು ಅದೊಂದೇ.

ಬಿಚ್ಚುವ ಮೊದಲು ಚಾರ್ಜರ್ ಕಿತ್ತಿಡಿ. ಮುಚ್ಚಳ ತೆರೆದ ಕೂಡಲೇ ಬ್ಯಾಟರಿ ತೆಗೆಯಿರಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಕೆಳಗಿನ ಬ್ಯಾಟರಿ ಉಬ್ಬಿರಬಹುದು. ಅಂಥದ್ದನ್ನು ಒತ್ತಬಾರದು, ಚುಚ್ಚಬಾರದು, ಬೆಂಕಿ ಹೊತ್ತಿಕೊಳ್ಳಬಹುದು. ಒಳಗಿನ ಸೆಲ್ ಬಿಡಿಸಿ ಟಾರ್ಚಿಗೆ ಹಾಕಿಕೊಳ್ಳುವವರಿದ್ದಾರೆ. ನೀವು ಆ ಸಾಹಸಕ್ಕೆ ಹೋಗಬೇಡಿ.

ಎಲ್ಲಕ್ಕಿಂತ ಮುಖ್ಯ ಹಾರ್ಡ್ ಡಿಸ್ಕ್. ಆ ವಯಸ್ಸಿನ ಲ್ಯಾಪ್‌ಟಾಪಿನಲ್ಲಿ ಬಹುಮಟ್ಟಿಗೆ ಸಾಟಾ ಎಂಬ ಜೋಡಣೆಯ ಎರಡೂವರೆ ಇಂಚಿನ ಡಿಸ್ಕ್ ಇರುತ್ತದೆ. ಅದನ್ನು ಯುಎಸ್‌ಬಿ ಕೇಸಿಗೆ, ಅಂದರೆ ಡಿಸ್ಕನ್ನು ಯುಎಸ್‌ಬಿ ತಂತಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಗೆ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಪೆನ್ ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ. ಫಾರ್ಮ್ಯಾಟ್ ಮಾಡಲೇ, ಅಂದರೆ ಎಲ್ಲ ಅಳಿಸಲೇ, ಎಂದು ಕೇಳಿದರೆ ಬೇಡ ಎನ್ನಿ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗವಿದ್ದರೆ 48 ಅಂಕಿಗಳ ಕೀ ಕೇಳುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ. ನನ್ನ ಡಿಸ್ಕಿನಲ್ಲಿ ಎಂಟು ವರ್ಷಗಳ ಕಾಳುಮೆಣಸಿನ ತೂಕದ ಲೆಕ್ಕವಿತ್ತು. ಅಪ್ಪ ಕಣದಲ್ಲಿ ಕಾಫಿ ಹರಡುತ್ತಾ ನಿಂತಿರುವ ಚಿತ್ರವೂ ಇತ್ತು, ಅವರ ಕೊನೆಯ ಕೊಯ್ಲಿನದು. ಅದು ಪರದೆಯ ಮೇಲೆ ಮೂಡಿದಾಗ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಸುಮ್ಮನೆ ಕುಳಿತೆ.

ರ‍್ಯಾಮ್ ಎಂಬ ಮೆಮೊರಿ ಪಟ್ಟಿಯನ್ನೂ ತೆಗೆದಿಡಿ. ಡಿಡಿಆರ್3 ಬಗೆಯ ಜಾಗಕ್ಕೆ ಡಿಡಿಆರ್4 ಬಗೆಯದು ಕೂರುವುದಿಲ್ಲ, ಆದ್ದರಿಂದ ಯಾವುದೆಂದು ಅದರ ಮೇಲಿನ ಚೀಟಿ ನೋಡಿ ತಿಳಿದುಕೊಳ್ಳಿ. ನನ್ನ 4 ಜಿಬಿ ಪಟ್ಟಿ ಈಗ ಪಕ್ಕದ ಮನೆಯ ಹುಡುಗಿಯ ಲ್ಯಾಪ್‌ಟಾಪಿನಲ್ಲಿದೆ. ಚಾರ್ಜರನ್ನು ಇನ್ನೊಂದು ಲ್ಯಾಪ್‌ಟಾಪಿಗೆ ಬಳಸುವುದಾದರೆ ವೋಲ್ಟ್ ಒಂದೇ ಆಗಿರಲಿ, ಆಂಪಿಯರ್ ಕಡಿಮೆಯಾಗದಿರಲಿ. ಪರದೆಯನ್ನು ಮಾನಿಟರ್ ಮಾಡಬಹುದು, ಆದರೆ ಅದಕ್ಕೆ ಪ್ರತ್ಯೇಕ ಬೋರ್ಡ್ ಕೊಳ್ಳಬೇಕು. ಆಸಕ್ತಿಯಿದ್ದರೆ ಮಾತ್ರ ಕೈಹಾಕಿ.

ಉಳಿದ ಮದರ್‌ಬೋರ್ಡನ್ನೂ ಬ್ಯಾಟರಿಯನ್ನೂ ತೋಟದ ಗುಂಡಿಗೆ ಹಾಕಬೇಡಿ, ಸುಡಲೂಬೇಡಿ. ನಮ್ಮ ಕಡೆಯ ತೊರೆಗಳ ನೀರು ಹಾರಂಗಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಬೋರ್ಡ್, ಪ್ರತ್ಯೇಕ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಬ್ಯಾಟರಿ, ನೋಂದಾಯಿತ ಮರುಬಳಕೆ ಘಟಕಕ್ಕೇ ಹೋಗಬೇಕು. ನನ್ನವನ್ನು, ಬ್ಯಾಟರಿಯ ತುದಿಗಳಿಗೆ ಟೇಪ್ ಸುತ್ತಿ, ಮುಂದಿನ ಸಲ ಮೈಸೂರಿಗೆ ಹೋಗುವಾಗ ಒಯ್ಯಲೆಂದು ಎತ್ತಿಟ್ಟಿದ್ದೇನೆ.