ಆಂಟಿಬಾಡಿ ಇದ್ದರೆ ಸಾಲದೇ? ಟಿ ಕೋಶಗಳು ಬೇರೆ ಯಾಕೆ ಬೇಕು?

ಸಾಲದು. ಬಿ ಕೋಶ, ಟಿ ಕೋಶ ಎರಡೂ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು. ಬಿ ಕೋಶಗಳು ತಯಾರಿಸುವ ಆಂಟಿಬಾಡಿ ಎಂಬ ಪ್ರೋಟೀನ್ ರಕ್ತದಲ್ಲಿ, ಲೋಳೆಯಲ್ಲಿ ಓಡಾಡುತ್ತಾ ಹೊರಗೆ ಸಿಕ್ಕ ರೋಗಾಣುವಿಗೆ ಅಂಟಿಕೊಳ್ಳುತ್ತದೆ. ವೈರಸ್ ಒಮ್ಮೆ ಜೀವಕೋಶದೊಳಗೆ ಸೇರಿಕೊಂಡಿತೋ, ಮುಂದಿನ ಕೆಲಸ ಟಿ ಕೋಶಗಳದ್ದು. ಸೋಂಕು ತಗುಲಿದ ಕೋಶ ವೈರಸ್ಸಿನ ಚೂರುಗಳನ್ನು ತನ್ನ ಮೈಮೇಲೆ ತೋರಿಸುತ್ತದೆ. ಕೊಲ್ಲುವ ಟಿ ಕೋಶ ಅದನ್ನು ಗುರುತು ಹಿಡಿದು, ಪೊರೆಗೆ ತೂತು ಕೊರೆದು, ಆ ಕೋಶವನ್ನೇ ಸಾಯಿಸುತ್ತದೆ.

ದಡಾರ ನೋಡಿ. ಕಿವಿಯ ಹಿಂದೆ ಶುರುವಾಗಿ ಮೈಗೆಲ್ಲ ಹರಡುವ ಕೆಂಪು ದದ್ದು ವೈರಸ್ಸಿನದೇ ಕೆಲಸ ಅಂದುಕೊಳ್ಳುತ್ತೇವೆ ಅಲ್ವಾ? ಅದು ಜಾಸ್ತಿ ಪಾಲು ಚರ್ಮದಲ್ಲಿ ಟಿ ಕೋಶಗಳು ಹೋರಾಡಿದ ಗುರುತು. ಟಿ ಕೋಶ ತೀರಾ ಕಮ್ಮಿಯಿರುವ ಮಗುವಿಗೆ ದದ್ದು ಏಳದೆಯೇ ಕಾಯಿಲೆ ಪ್ರಾಣಕ್ಕೆ ಕುತ್ತು ತರಬಹುದು.

ಇದರ ಉಲ್ಟಾ ಕೂಡ ಇದೆ. 1952ರಲ್ಲಿ ಅಮೆರಿಕದ ವೈದ್ಯ ಆಗ್ಡೆನ್ ಬ್ರೂಟನ್, ಆಂಟಿಬಾಡಿಯೇ ಇಲ್ಲದ 8 ವರ್ಷದ ಹುಡುಗನ ಬಗ್ಗೆ ಬರೆದರು. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ಅವನ ರಕ್ತಕ್ಕೆ ಪದೇ ಪದೇ ನುಗ್ಗುತ್ತಿತ್ತು. ಬೇರೆಯವರ ರಕ್ತದಿಂದ ತೆಗೆದ ಆಂಟಿಬಾಡಿ ಕೊಡುತ್ತಾ ಹೋದ ಮೇಲೆ ಹುಡುಗ ಸುಧಾರಿಸಿದ. ಆದರೆ ಇಂಥ ಮಕ್ಕಳು ದಡಾರ ಬಂದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಟಿ ಕೋಶ ಸರಿಯಿರುತ್ತದಲ್ಲ!

ಇನ್ನು ಸಹಾಯಕ ಟಿ ಕೋಶಗಳು ಅಂತ ಇನ್ನೊಂದು ಬಗೆಯಿದೆ; ಬಿ ಕೋಶ, ಕೊಲ್ಲುವ ಟಿ ಕೋಶ ಈ ಎರಡೂ ಪಡೆಗೆ ಅವು ಬೇಕು. ಎಚ್‌ಐವಿ ಹೊಡೆಯುವುದು ಇವನ್ನೇ.