ಹುಟ್ಟಿದ ತಿಂಗಳಿಗೂ ಮಕ್ಕಳ ಫುಟ್‌ಬಾಲ್ ತಂಡದ ಆಯ್ಕೆಗೂ ಸಂಬಂಧ ಇದೆಯಾ?

ಇದೆ. ಆದರೆ ಇದು ಜಾತಕದ ಮಾತಲ್ಲ, ವಯಸ್ಸಿನ ಗುಂಪು ಮಾಡುವಾಗ ಹಾಕುವ ಗಡಿ ದಿನಾಂಕದ ಮಾತು.

ಇಂಗ್ಲೆಂಡಿನಲ್ಲಿ ಆ ದಿನಾಂಕ ಸೆಪ್ಟೆಂಬರ್ 1. ಸೆಪ್ಟೆಂಬರಿನಲ್ಲಿ ಹುಟ್ಟಿದ ಹುಡುಗನೂ ಮುಂದಿನ ಆಗಸ್ಟಿನಲ್ಲಿ ಹುಟ್ಟಿದವನೂ ಒಂದೇ ಗುಂಪಿನಲ್ಲಿ ಆಡುತ್ತಾರೆ. ಒಂಬತ್ತು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳ ಅಂತರ ಸಣ್ಣದಲ್ಲ. ಎತ್ತರ, ಓಟ, ಧೈರ್ಯ ಎಲ್ಲದರಲ್ಲೂ ಕಾಣುತ್ತದೆ. ಎಷ್ಟೋ ಸಲ ಕೋಚ್ ಅದನ್ನೇ ಪ್ರತಿಭೆ ಅಂದುಕೊಳ್ಳುತ್ತಾರೆ. ಆಯ್ಕೆಯಾದವನಿಗೆ ಒಳ್ಳೆಯ ತರಬೇತಿ, ಜಾಸ್ತಿ ಪಂದ್ಯ ಸಿಗುತ್ತದೆ. ಅಂತರ ಇನ್ನೂ ಬೆಳೆಯುತ್ತದೆ.

ಬೆಲ್ಜಿಯಂ ಇದಕ್ಕೆ ಒಳ್ಳೆಯ ಸಾಕ್ಷಿ. 1997ರಲ್ಲಿ ಅಲ್ಲಿ ಗಡಿ ಆಗಸ್ಟ್ 1ರಿಂದ ಜನವರಿ 1ಕ್ಕೆ ಬದಲಾಯಿತು. ಅದುವರೆಗೆ ಆಗಸ್ಟ್‌ನಿಂದ ಶುರುವಾಗುವ ತಿಂಗಳುಗಳ ಮಕ್ಕಳಿಗೆ ಇದ್ದ ಅನುಕೂಲ, ಆಮೇಲೆ ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರ ಕಡೆ ಹೋಯಿತು. ಅಂದರೆ ತಿಂಗಳಲ್ಲಿ ಏನೂ ವಿಶೇಷ ಇರಲಿಲ್ಲ, ಅಲ್ವಾ?

ಹಾಗಂತ ಕೊನೆಯ ತಿಂಗಳವರಿಗೆ ದಾರಿಯೇ ಇಲ್ಲ ಅಂತಲ್ಲ. ಹ್ಯಾರಿ ಕೇನ್ ಹುಟ್ಟಿದ್ದು 1993ರ ಜುಲೈ 28ಕ್ಕೆ. ಚಿಕ್ಕವರಿದ್ದಾಗಲೇ ಲಂಡನ್ನಿನ ಆರ್ಸೆನಲ್ ಕ್ಲಬ್ ಅವರನ್ನು ಕೈಬಿಟ್ಟಿತ್ತು. ಮುಂದೆ ಅವರೇ ಇಂಗ್ಲೆಂಡ್ ಪುರುಷರ ತಂಡಕ್ಕೆ ಅತಿ ಹೆಚ್ಚು ಗೋಲು ಹೊಡೆದರು. ಅಂಥ ಎರಡನೇ ಅವಕಾಶ ಸಿಗದೆ ಆಟವನ್ನೇ ಬಿಟ್ಟ ಮಕ್ಕಳನ್ನು ನೆನೆದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.